ಸೊಂಟದ ಬಲ, ಮಂಡಿಯ ಗೆರೆ: ತಿರುಗುವಾಗ, ಇಳಿಯುವಾಗ ಮಂಡಿ ಒಳಕ್ಕೆ ವಾಲುವುದೇಕೆ?

ಖೋಖೋ ಟೀಚರ್, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿಯಾಗಿದ್ದು, 11 ವರ್ಷಗಳಿಂದ ಹುಡುಗಿಯರ ಖೋಖೋ ತಂಡವನ್ನು ತಯಾರು ಮಾಡುತ್ತಿದ್ದೇನೆ. ಒಂಬತ್ತನೇ ತರಗತಿಯ ಒಬ್ಬ ಹುಡುಗಿಯ ವಿಷಯದಲ್ಲಿ ತಿಳಿದವರ ಸಲಹೆ ಬೇಕಾಗಿದೆ. ಅವಳು ನೆಟ್ಟಗೆ ನಿಂತಾಗ ಕಾಲುಗಳಲ್ಲಿ ಯಾವ ಸೊಟ್ಟೂ ಕಾಣುವುದಿಲ್ಲ. ಆದರೆ ಖೋ ಸಿಕ್ಕ ಕೂಡಲೇ ಕುಳಿತಲ್ಲಿಂದ ಎದ್ದು ಮೊದಲ ಹೆಜ್ಜೆ ಇಡುವಾಗ ಮತ್ತು ಕಂಬ ಹಿಡಿದು ತಿರುಗುವಾಗ ಬಲ ಮಂಡಿ ಹೆಬ್ಬೆರಳನ್ನೂ ದಾಟಿ ಒಳಕ್ಕೆ ವಾಲುತ್ತದೆ. ಎರಡು ತಿಂಗಳಿಂದ ಮಂಡಿಚಿಪ್ಪಿನ ಸುತ್ತ ನೋವು ಎನ್ನುತ್ತಿದ್ದಾಳೆ. ಓಡುವಾಗ ಅಷ್ಟಿಲ್ಲ, ಮನೆಗೆ ಹೋಗುವ ತೋಟದ ದಾರಿಯಲ್ಲಿ ಇಳಿಯುವಾಗ ಮತ್ತು ತರಗತಿಯಲ್ಲಿ ಬಹಳ ಹೊತ್ತು ಮಂಡಿ ಮಡಚಿ ಕುಳಿತಾಗ ಹೆಚ್ಚು.

ವೈದ್ಯರಿಗೆ ತೋರಿಸಿದ್ದಾರೆ. ಎಕ್ಸ್‌ರೇಯಲ್ಲಿ ತೊಂದರೆಯಿಲ್ಲ, ಊತವಿಲ್ಲ, ಮಂಡಿ ಸಿಕ್ಕಿಹಾಕಿಕೊಳ್ಳುವುದೂ ಇಲ್ಲ. ತೊಡೆಯ ಮುಂಭಾಗದ ಸ್ನಾಯುವನ್ನು ಗಟ್ಟಿ ಮಾಡಿಸಿ ಎಂದು ಒಬ್ಬರು ಹೇಳಿದರು. ಮಂಡಿಯನ್ನು ಬಿಡಿ, ಸೊಂಟಕ್ಕೆ ಕೆಲಸ ಕೊಡಿ ಎಂದು ಇನ್ನೊಬ್ಬರು ಹೇಳಿದರು. ನೋವು ಮಂಡಿಯಲ್ಲಿರುವಾಗ ಸೊಂಟಕ್ಕೇಕೆ ಕೆಲಸ ಎಂಬುದನ್ನು ಯಾರೂ ಬಿಡಿಸಿ ಹೇಳಲಿಲ್ಲ. ನಾನು ವರ್ಷಗಳಿಂದ ಮಕ್ಕಳಿಗೆ "ಮಂಡಿ ಹೊರಗಿಡು" ಎಂದು ಕೂಗುತ್ತಾ ಬಂದಿದ್ದೇನೆ. ಎರಡು ದಿನ ನೆನಪಿಟ್ಟುಕೊಳ್ಳುತ್ತಾರೆ, ಮೂರನೆಯ ದಿನ ಹಳೆಯ ಹೆಜ್ಜೆಯೇ ಬರುತ್ತದೆ. ಕಾರಣ ಅರ್ಥವಾಗದೆ ವ್ಯಾಯಾಮ ಮಾಡಿಸಲು ನನಗೆ ಮನಸ್ಸು ಬರುತ್ತಿಲ್ಲ.

ಹಾಸನದ ಫಿಸಿಯೋ

ಟೀಚರ್ ಅವರೇ, ನಿಂತಾಗ ನೇರವಾಗಿರುವ ಕಾಲು ಚಲಿಸುವಾಗ ಮಾತ್ರ ಒಳಕ್ಕೆ ವಾಲುತ್ತದೆ ಎಂದು ನೀವು ಗಮನಿಸಿದ್ದೀರಲ್ಲ, ಇಡೀ ಪ್ರಶ್ನೆಯ ತಿರುಳು ಅದೇ. ಮೂಳೆಯ ಆಕಾರವೇ ಕಾರಣವಾಗಿದ್ದರೆ ನಿಂತಾಗಲೂ ಬಹುತೇಕ ಕಾಣಬೇಕಿತ್ತು. ಚಲಿಸುವಾಗ ಮಾತ್ರ ಕಾಣುತ್ತದೆಯೆಂದರೆ ಆ ಗಳಿಗೆಯಲ್ಲಿ ಕಾಲನ್ನು ಹಿಡಿದಿಡಬೇಕಾದ ಯಾವುದೋ ಶಕ್ತಿ ಸಾಲುತ್ತಿಲ್ಲ, ಅಥವಾ ಸರಿಯಾದ ಹೊತ್ತಿಗೆ ಬರುತ್ತಿಲ್ಲ.

ಮಂಡಿ ಎರಡು ಉದ್ದ ಮೂಳೆಗಳ ನಡುವಿನ ಕೀಲು. ಮಡಚುವುದು, ಚಾಚುವುದು ಅದರ ಮುಖ್ಯ ಕೆಲಸ. ಪಕ್ಕಕ್ಕೆ ವಾಲದಂತೆ ತಡೆಯಲು ಅಲ್ಲಿ ಮೂಳೆಗೆ ಮೂಳೆಯನ್ನು ಬಿಗಿಯುವ ಪಟ್ಟಿಗಳಾದ ಅಸ್ಥಿರಜ್ಜುಗಳಿವೆಯೇ ಹೊರತು ಆ ಕೆಲಸಕ್ಕೆಂದೇ ಮೀಸಲಾದ ದೊಡ್ಡ ಸ್ನಾಯುಗಳಿಲ್ಲ. ಮೇಲಿನ ತೊಡೆಮೂಳೆ ಯಾವ ಕಡೆ ತಿರುಗಬೇಕು ಎಂಬುದನ್ನು ಸೊಂಟದ ಕೀಲಿನ ಸ್ನಾಯುಗಳು ತೀರ್ಮಾನಿಸುತ್ತವೆ. ಕೆಳಗಿನ ಮೂಳೆ ಹೇಗೆ ನಿಲ್ಲಬೇಕು ಎಂಬುದು ಬಹುಮಟ್ಟಿಗೆ ಪಾದ ನೆಲವನ್ನು ಹೇಗೆ ಹಿಡಿಯುತ್ತದೆ ಎಂಬುದನ್ನು ಅವಲಂಬಿಸಿದೆ. ಈ ಎರಡೂ ತುದಿಗಳ ಲೆಕ್ಕ ತಪ್ಪಿದಾಗ ನಡುವಿನ ಮಂಡಿ ಅದನ್ನು ಅನುಭವಿಸುತ್ತದೆ.

ಸೊಂಟದ ಪಕ್ಕದಲ್ಲಿ, ಪ್ಯಾಂಟಿನ ಜೇಬು ಬರುವ ಜಾಗಕ್ಕಿಂತ ಸ್ವಲ್ಪ ಹಿಂದೆ, ಗ್ಲೂಟಿಯಸ್ ಮೀಡಿಯಸ್ ಎಂಬ ಬೀಸಣಿಗೆ ಆಕಾರದ ಸ್ನಾಯು ಇದೆ. ಸೊಂಟದ ಮೂಳೆಯ ಹೊರಮೈಯಿಂದ ಹೊರಟು ತೊಡೆಮೂಳೆಯ ಮೇಲ್ತುದಿಯ ಉಬ್ಬಿಗೆ ಅದು ಅಂಟಿಕೊಳ್ಳುತ್ತದೆ. ನಾವು ಒಂಟಿಕಾಲಿನಲ್ಲಿ ನಿಂತ ಕೂಡಲೇ ಎತ್ತಿದ ಕಾಲಿನ ಕಡೆ ಸೊಂಟ ಕುಸಿಯಲು ನೋಡುತ್ತದೆ. ನಿಂತ ಕಾಲಿನ ಕಡೆಯ ಈ ಸ್ನಾಯು ಎಳೆದು ಹಿಡಿದು ಅದನ್ನು ಮಟ್ಟವಾಗಿರಿಸುತ್ತದೆ. ದೇಹದ ಭಾರ ಇಳಿಯುವ ಗೆರೆ ಸೊಂಟದ ಕೀಲಿನಿಂದ ದೂರದಲ್ಲಿದೆ, ಸ್ನಾಯು ಎಳೆಯುವ ಗೆರೆ ಹತ್ತಿರದಲ್ಲಿದೆ. ತಕ್ಕಡಿಯ ಒಂದು ಕಡೆಯ ದಂಡ ಗಿಡ್ಡವಾದರೆ ಆ ಕಡೆಗೆ ಹೆಚ್ಚು ತೂಕ ಹಾಕಬೇಕಾಗುವಂತೆ, ಈ ಸ್ನಾಯು ದೇಹದ ತೂಕದ ಸುಮಾರು 2 ಪಟ್ಟು ಬಲದಿಂದ ಎಳೆಯಬೇಕಾಗುತ್ತದೆ. ಸೊಂಟದ ಕೀಲಿನ ಮೇಲೆ ಬೀಳುವ ಒತ್ತಡ ತೂಕದ 2.5 ರಿಂದ 3 ಪಟ್ಟು ಆಗುತ್ತದೆ. ನಿಮ್ಮ ಹುಡುಗಿಯ ತೂಕ 45 ಕಿಲೋ ಎಂದುಕೊಂಡರೆ, ಅವಳು ಸುಮ್ಮನೆ ಒಂಟಿಕಾಲಿನಲ್ಲಿ ನಿಲ್ಲಲು ಅಂಗೈಯಗಲದ ಒಂದು ಸ್ನಾಯು ಸುಮಾರು 90 ಕಿಲೋ ಭಾರದಷ್ಟು ಎಳೆಯುತ್ತಿದೆ. ಓಡುವಾಗ, ಹಾರಿ ಇಳಿಯುವಾಗ ಇನ್ನೂ ಹೆಚ್ಚು. ಓಟದಲ್ಲಿ ಎರಡೂ ಪಾದಗಳು ಒಟ್ಟಿಗೆ ನೆಲದ ಮೇಲಿರುವ ಕ್ಷಣವೇ ಇಲ್ಲ, ಆದ್ದರಿಂದ ಪ್ರತಿ ಹೆಜ್ಜೆಯೂ ಒಂಟಿಕಾಲಿನ ಪರೀಕ್ಷೆ.

ಈ ಸ್ನಾಯು ಸೋತಾಗ ಸೊಂಟ ಕುಸಿಯುವುದನ್ನು ಜರ್ಮನಿಯ ಶಸ್ತ್ರವೈದ್ಯ ಫ್ರೆಡ್ರಿಕ್ ಟ್ರೆಂಡೆಲೆನ್‌ಬರ್ಗ್ 1895ರಲ್ಲಿ ವಿವರಿಸಿದರು. ಅವರ ಹೆಸರಿನ ಪರೀಕ್ಷೆಯನ್ನು ನಾವು ಇಂದಿಗೂ ಮಾಡುತ್ತೇವೆ. ಸೊಂಟ ಕುಸಿದಾಗ ತೊಡೆ ಒಳಕ್ಕೆ ಸರಿಯುತ್ತದೆ. ಅದರ ಜೊತೆಗೆ, ತೊಡೆಯನ್ನು ಹೊರಕ್ಕೆ ತಿರುಗಿಸಿ ಹಿಡಿಯುವ ದೊಡ್ಡ ಪೃಷ್ಠಸ್ನಾಯು ಗ್ಲೂಟಿಯಸ್ ಮ್ಯಾಕ್ಸಿಮಸ್ ಮತ್ತು ಕೀಲಿನ ಹಿಂದಿರುವ ಸಣ್ಣ ಸ್ನಾಯುಗಳು ಸಡಿಲ ಬಿಟ್ಟರೆ ತೊಡೆಮೂಳೆ ಒಳಕ್ಕೆ ತಿರುಚುತ್ತದೆ. ನೀವು ನೋಡಿದ ಒಳವಾಲು ಈ ಎರಡೂ ಸೇರಿ ಆದದ್ದು.

ಇನ್ನು ನೋವಿನ ಮಾತು. ಮಂಡಿಚಿಪ್ಪು ತೊಡೆಮೂಳೆಯ ತುದಿಯ ತೋಡಿನಲ್ಲಿ ಜಾರುತ್ತದೆ. ಬಾವಿಯ ರಾಟೆಯನ್ನು ನೆನೆಯಿರಿ. ಹಗ್ಗ ನೇರವಾಗಿಯೇ ಇದೆ. ರಾಟೆ ಒಂದು ಕಡೆ ತಿರುಚಿಕೊಂಡರೆ ಹಗ್ಗ ತೋಡಿನ ಅಂಚಿಗೆ ಉಜ್ಜುತ್ತದೆ. ಹಗ್ಗ ಸರಿದಿದೆ ಎಂದು ಅದನ್ನೇ ಎಳೆದು ಪ್ರಯೋಜನವಿಲ್ಲ, ರಾಟೆಯನ್ನು ನೇರಗೊಳಿಸಬೇಕು. ಮಂಡಿಚಿಪ್ಪು ಹೊರಕ್ಕೆ ಜಾರುವ ತೊಂದರೆಯಿದ್ದವರ ಮೇಲೆ ಅಮೆರಿಕದ ಕ್ರಿಸ್ಟೋಫರ್ ಪವರ್ಸ್ ಮತ್ತು ಸಂಗಡಿಗರು ಎಂ.ಆರ್.ಐ. ಮೂಲಕ ನಡೆಸಿ 2003ರಲ್ಲಿ ಪ್ರಕಟಿಸಿದ ಸಣ್ಣ ಅಧ್ಯಯನದಲ್ಲಿ ಕಂಡದ್ದೂ ಇದನ್ನೇ: ಕಾಲಿನ ಮೇಲೆ ಭಾರವಿಲ್ಲದಾಗ ಚಿಪ್ಪು ಸರಿಯುತ್ತದೆ, ಭಾರ ಬಿದ್ದಾಗ ಚಿಪ್ಪಿನ ಕೆಳಗೆ ತೊಡೆಮೂಳೆಯೇ ತಿರುಗುತ್ತದೆ.

ಒಂದು ಕೆಲಸ ಮಾಡಿ. 15 ರಿಂದ 20 ಸೆಂ.ಮೀ. ಎತ್ತರದ ಮೆಟ್ಟಿಲ ಮೇಲೆ ಅವಳನ್ನು ಬರಿಗಾಲಿನಲ್ಲಿ ನಿಲ್ಲಿಸಿ, ನೋವಿನ ಕಾಲನ್ನು ಮೇಲೆಯೇ ಇಟ್ಟು ಇನ್ನೊಂದು ಕಾಲಿನ ಹಿಮ್ಮಡಿ ನೆಲಕ್ಕೆ ತಾಗುವವರೆಗೆ ನಿಧಾನವಾಗಿ ಇಳಿಸಿ. ಐದು ಸಲ ಸಾಕು. ಫೋನನ್ನು ಮಂಡಿಯ ಎತ್ತರದಲ್ಲಿ ಎದುರಿಗಿಟ್ಟು ಚಿತ್ರೀಕರಿಸಿ. ಸೊಂಟ ಮಟ್ಟವಾಗಿದೆಯೇ, ಎದೆ ಒಂದು ಕಡೆ ವಾಲುತ್ತದೆಯೇ, ಮಂಡಿ ಎರಡನೆಯ ಬೆರಳಿನ ನೇರಕ್ಕಿದೆಯೇ, ಅಂಗಾಲಿನ ಕಮಾನು ಕುಸಿಯುತ್ತದೆಯೇ ಎಂದು ನೋಡಿ ಬರೆಯಿರಿ. ಎದೆಯನ್ನು ಮರೆಯಬೇಡಿ. ಸ್ನಾಯು ಸೋತವರಲ್ಲಿ ಕೆಲವರು ಸೊಂಟವನ್ನು ಕುಸಿಯಗೊಡದೆ ಮೈಯನ್ನೇ ನಿಂತ ಕಾಲಿನ ಕಡೆ ವಾಲಿಸುತ್ತಾರೆ. ಭಾರ ಕೀಲಿನ ಹತ್ತಿರ ಬರುವುದರಿಂದ ಸೊಂಟದ ಸ್ನಾಯುವಿಗೆ ಹಗುರವಾಗುತ್ತದೆ. ಆದರೆ ಭಾರದ ಗೆರೆ ಮಂಡಿಯ ಹೊರಭಾಗಕ್ಕೆ ಸರಿದರೆ ಅದು ಮಂಡಿಯನ್ನು ಒಳಕ್ಕೆ ತಳ್ಳುತ್ತದೆ.

ಹೇಮಾವತಿ ದಂಡೆಯ ಓಟಗಾರ, ಹಾಸನ

ವಿವರಣೆ ಚೆನ್ನಾಗಿದೆ, ಆದರೆ ನನ್ನ ಅನುಭವ ಬೇರೆಯಾಗಿರುವುದರಿಂದ ಹೇಳಲೇಬೇಕಾಗಿದೆ. ನಾನು 10 ಕಿ.ಮೀ. ಓಟದ ಅಭ್ಯಾಸ ಮಾಡುವವನು. ಇದೇ ಮಂಡಿಚಿಪ್ಪಿನ ನೋವಿಗೆ ಮೂರು ತಿಂಗಳು ರಬ್ಬರ್ ಬ್ಯಾಂಡ್ ಕಟ್ಟಿ ಸೊಂಟದ ವ್ಯಾಯಾಮ ಮಾಡಿದೆ, ಒಂದು ದಿನವೂ ತಪ್ಪಿಸಲಿಲ್ಲ. ಬಲ ನಿಜವಾಗಿಯೂ ಹೆಚ್ಚಿತು. ಮೊದಲು ಎಳೆಯಲಾಗದಿದ್ದ ಬ್ಯಾಂಡ್ ಈಗ ಸಲೀಸು. ಆದರೆ ಗೆಳೆಯನಿಂದ ತೆಗೆಸಿದ ವಿಡಿಯೋದಲ್ಲಿ ನನ್ನ ಮಂಡಿ ಮೊದಲಿನಂತೆಯೇ ಒಳಕ್ಕೆ ವಾಲುತ್ತಿದೆ. ಬಲವೇ ಕಾರಣವಾಗಿದ್ದರೆ ಬಲ ಬಂದ ಮೇಲೆ ಸೊಂಟದಿಂದ ಪಾದದವರೆಗಿನ ಕಾಲಿನ ಗೆರೆಯೂ ನೇರವಾಗಬೇಕಿತ್ತಲ್ಲವೇ?

ಹಾಸನದ ಫಿಸಿಯೋ

ನೀವು ಹೇಳಿದ್ದನ್ನು ನಾನು ಅಲ್ಲಗಳೆಯುವುದಿಲ್ಲ. ನಾನೇ ವೃತ್ತಿಯ ಮೊದಲ ವರ್ಷಗಳಲ್ಲಿ ಬಲ ಬಂದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ ಎಂದು ನಂಬಿ ಎಷ್ಟೋ ಜನರಿಗೆ ಮಲಗಿಕೊಂಡು ಮಾಡುವ ವ್ಯಾಯಾಮವನ್ನಷ್ಟೇ ಕೊಟ್ಟು ಕಳುಹಿಸಿದ್ದೇನೆ.

ರಿಚರ್ಡ್ ವಿಲ್ಲಿ ಮತ್ತು ಐರೀನ್ ಡೇವಿಸ್ ಅವರು 2011ರಲ್ಲಿ ಪ್ರಕಟಿಸಿದ ಅಧ್ಯಯನ ನಿಮ್ಮ ಅನುಭವವನ್ನೇ ಹೇಳುತ್ತದೆ. ಓಡುವಾಗ ತೊಡೆ ಅತಿಯಾಗಿ ಒಳಸರಿಯುವ ಮಹಿಳೆಯರಿಗೆ ಅವರು 6 ವಾರ ಸೊಂಟದ ಬಲವರ್ಧನೆ ಮಾಡಿಸಿದರು, ಜೊತೆಗೆ ಒಂಟಿಕಾಲಿನ ಬಸ್ಕಿಯನ್ನು ಸರಿಯಾದ ಗೆರೆಯಲ್ಲಿ ಮಾಡುವುದನ್ನು ತಿದ್ದಿ ಕಲಿಸಿದರು. ಬಲ ಹೆಚ್ಚಿತು, ಬಸ್ಕಿಯ ಗೆರೆಯೂ ಸುಧಾರಿಸಿತು. ಓಟದ ಗೆರೆ ಮಾತ್ರ ಬದಲಾಗಲಿಲ್ಲ. ಬಸ್ಕಿಯನ್ನು ಕಲಿಸಿದ್ದರು, ಅದು ಬಂತು. ಓಟವನ್ನು ಕಲಿಸಿರಲಿಲ್ಲ, ಅದು ಬರಲಿಲ್ಲ. ಮರುವರ್ಷ ವಿಲ್ಲಿ ಮತ್ತು ಸಂಗಡಿಗರು ಮಂಡಿಚಿಪ್ಪಿನ ನೋವಿದ್ದ 10 ಓಟಗಾರ್ತಿಯರನ್ನು ಟ್ರೆಡ್‌ಮಿಲ್ ಮೇಲೆ ಕನ್ನಡಿಯೆದುರು ಓಡಿಸಿ ತಮ್ಮ ಕಾಲಿನ ಗೆರೆಯನ್ನು ತಾವೇ ನೋಡಿ ತಿದ್ದಿಕೊಳ್ಳುವಂತೆ ಮಾಡಿದರು. 8 ಸಲದ ಅಭ್ಯಾಸದಲ್ಲಿ ಕನ್ನಡಿಯ ಸಹಾಯವನ್ನು ಕ್ರಮೇಣ ಕಡಿಮೆ ಮಾಡುತ್ತಾ ಹೋದರು. ಓಟದ ಗೆರೆ ಸುಧಾರಿಸಿತು, ನೋವೂ ತಗ್ಗಿತು.

ನನ್ನ ತಿಳಿವಳಿಕೆಯಲ್ಲಿ ಬಲ ಎನ್ನುವುದು ಬಂಡವಾಳವಿದ್ದಂತೆ. ಅದಿಲ್ಲದೆ ಗೆರೆಯನ್ನು ಹಿಡಿಯಲಾಗದು, ಅದೊಂದೇ ಇದ್ದರೂ ಸಾಲದು. ಪಾದ ನೆಲಕ್ಕೆ ತಾಗುವುದಕ್ಕೆ ಮೊದಲೇ ಆ ಸ್ನಾಯು ಬಿಗಿಗೊಳ್ಳಬೇಕು, ಮತ್ತು ಅದನ್ನು ಯಾವ ಚಲನೆಗೆ ಬೇಕೋ ಆ ಚಲನೆಯಲ್ಲಿಯೇ ಅಭ್ಯಾಸ ಮಾಡಬೇಕು. ಟೀಚರ್ ಹೇಳಿದ "ಮೂರನೆಯ ದಿನ ಹಳೆಯ ಹೆಜ್ಜೆ" ಎಂಬ ಮಾತಿಗೂ ಇದೇ ಉತ್ತರ.

ನಿವೃತ್ತ ಮೇಷ್ಟ್ರು, ಚಿಕ್ಕಮಗಳೂರು

ಅಂಗರಚನಾಶಾಸ್ತ್ರವನ್ನು ಮೂರು ದಶಕ ಕಲಿಸಿದವನಾಗಿ ಒಂದು ಎಚ್ಚರಿಕೆಯನ್ನು ಸೇರಿಸಲು ಬಯಸುತ್ತೇನೆ. ಸೊಂಟದ ಬಲಹೀನತೆಯಿಂದ ಮಂಡಿನೋವು ಬರುತ್ತದೆ ಎಂಬ ಮಾತು ಹರಡಲು ಬಹುಮಟ್ಟಿಗೆ ಕಾರಣವಾದದ್ದು 2003ರಲ್ಲಿ ಮೇರಿ ಲಾಯ್ಡ್ ಐರ್ಲೆಂಡ್ ಮತ್ತು ಸಂಗಡಿಗರು ಪ್ರಕಟಿಸಿದ ಅಳತೆಗಳು. ಮಂಡಿಚಿಪ್ಪಿನ ನೋವಿದ್ದ ಯುವತಿಯರಲ್ಲಿ, ನೋವಿಲ್ಲದವರಿಗೆ ಹೋಲಿಸಿದರೆ, ತೊಡೆಯನ್ನು ಪಕ್ಕಕ್ಕೆ ಎತ್ತುವ ಬಲ 26% ಕಡಿಮೆಯಿತ್ತು, ಹೊರಕ್ಕೆ ತಿರುಗಿಸುವ ಬಲ 36% ಕಡಿಮೆಯಿತ್ತು. ಅಂಕಿಗಳು ಸ್ಪಷ್ಟವಾಗಿವೆ. ಆದರೆ ನೋವು ಬಂದ ಮೇಲೆ ಅಳೆದ ಅಂಕಿಗಳಿಂದ ಯಾವುದು ಮೊದಲು ಬಂತು ಎಂದು ಹೇಳಲಾಗುವುದಿಲ್ಲ. ನೋಯುವ ಕಾಲನ್ನು ಯಾರೂ ಪೂರ್ತಿ ಬಳಸುವುದಿಲ್ಲ. ಬಳಸದ ಸ್ನಾಯು ಸೊರಗುತ್ತದೆ.

ಡೆನ್ಮಾರ್ಕಿನ ಮಿಕೇಲ್ ರಾತ್ಲೆಫ್ ಮತ್ತು ಸಂಗಡಿಗರು 2014ರಲ್ಲಿ ಅಲ್ಲಿಯವರೆಗಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ಇದೇ ಸಂಶಯ ಬಲವಾಯಿತು. ನೋವಿದ್ದವರಲ್ಲಿ ಸೊಂಟ ದುರ್ಬಲವಾಗಿತ್ತು, ನಿಜ. ಆದರೆ ಆರೋಗ್ಯವಂತರ ಬಲವನ್ನು ಮೊದಲೇ ಅಳೆದು ಮುಂದೆ ಯಾರಿಗೆ ನೋವು ಬರುತ್ತದೆ ಎಂದು ಕಾದು ನೋಡಿದ ಅಧ್ಯಯನಗಳಲ್ಲಿ ಅಂಥ ಸಂಬಂಧ ಕಾಣಲಿಲ್ಲ. ಹಾಗಾಗಿ ಬಲಹೀನತೆ ಅನೇಕರಲ್ಲಿ ನೋವಿನ ಫಲವಾಗಿರಬಹುದು. ಇದರಿಂದ ಸೊಂಟದ ವ್ಯಾಯಾಮ ವ್ಯರ್ಥವೆಂದು ಯಾರೂ ತಿಳಿಯಬಾರದು. ಸೊಂಟ ಮತ್ತು ತೊಡೆ ಎರಡಕ್ಕೂ ಸೇರಿಸಿ ಕೊಡುವ ವ್ಯಾಯಾಮವೇ ಈ ನೋವಿಗೆ ಮೊದಲ ಮದ್ದು ಎಂದು 2019ರ ಅಮೆರಿಕದ ಫಿಸಿಯೋಥೆರಪಿ ಮಾರ್ಗಸೂಚಿಯೂ ಹೇಳುತ್ತದೆ. ಟೀಚರ್ ಅವರಿಗೆ ಸಲಹೆ ಕೊಟ್ಟ ಇಬ್ಬರೂ ಅರ್ಧರ್ಧ ಸರಿ. ಆದರೆ ಆ ಮಗುವಿಗೆ "ನಿನ್ನ ಸೊಂಟ ದುರ್ಬಲ, ಅದಕ್ಕೇ ನೋವು" ಎಂದು ಹೇಳಬೇಡಿ. ಹದಿನಾಲ್ಕರ ವಯಸ್ಸಿನಲ್ಲಿ ಕೇಳಿದ ಅಂಥ ಮಾತು ಮನಸ್ಸಿನಲ್ಲಿ ಉಳಿದುಬಿಡುತ್ತದೆ.

ತೋಟದ ಮನೆ, ಆಲ್ದೂರು

ನನ್ನ ಅಮ್ಮನಿಗೆ 58 ವರ್ಷ. ಮೂವತ್ತು ವರ್ಷಗಳಿಂದ ಕಾಫಿ ತೋಟದಲ್ಲಿ ಕೆಲಸ ಮಾಡುತ್ತಿದ್ದಾರೆ. ಹಣ್ಣು ಬಿಡಿಸುವ ಕಾಲದಲ್ಲಿ ಸಂಜೆ ತೂಕಕ್ಕೆ ಚೀಲ ಹೊತ್ತು ಇಳಿಜಾರಿನಲ್ಲಿ ಇಳಿಯಬೇಕು. ಅವರ ಮಂಡಿಗಳು ಒಳಕ್ಕಲ್ಲ, ಹೊರಕ್ಕೆ ಬಿಲ್ಲಿನಂತೆ ಬಾಗಿವೆ. ನೋವು ಮಂಡಿಯ ಒಳಬದಿಯಲ್ಲಿ. ನಡೆಯುವಾಗ ಮೈ ಎಡಕ್ಕೂ ಬಲಕ್ಕೂ ತೂಗುತ್ತದೆ. ಮೂಳೆ ಸವೆದಿದೆ ಎಂದು ವೈದ್ಯರು ಹೇಳಿದ್ದಾರೆ. ಮೇಡಂ, ಅವರಿಗೂ ಈ ಸೊಂಟದ ವ್ಯಾಯಾಮ ಆಗುತ್ತದೆಯೇ? ಶಾಲೆಯ ಮಕ್ಕಳ ವಿಷಯದ ನಡುವೆ ಇದನ್ನು ಕೇಳಿದ್ದಕ್ಕೆ ಟೀಚರ್ ಕ್ಷಮಿಸಬೇಕು.

ಹಾಸನದ ಫಿಸಿಯೋ

ಕ್ಷಮೆಯ ಮಾತೇ ಬೇಡಮ್ಮ, ವಿಷಯ ಒಂದೇ. ನಿಮ್ಮ ಅಮ್ಮನ ಮಂಡಿಯಲ್ಲಿ ಭಾರ ಒಳಬದಿಗೆ ಹೆಚ್ಚು ಬೀಳುತ್ತಿದೆ. ಟೀಚರ್ ಹೇಳಿದ ಹುಡುಗಿಗಿಂತ ಇದು ವಿರುದ್ಧ ದಿಕ್ಕಿನದು. ಮೈ ತೂಗಾಡುವುದು ನೋವಿನ ಮಂಡಿಯ ಮೇಲಿನ ಭಾರವನ್ನು ತಗ್ಗಿಸಲು ದೇಹ ತಾನೇ ಕಂಡುಕೊಂಡ ದಾರಿಯೂ ಇರಬಹುದು, ಆದ್ದರಿಂದ "ನೆಟ್ಟಗೆ ನಡೆಯಿರಿ" ಎಂದು ಗದರಬೇಡಿ.

ಇಂಥ ಹೊರಬಾಗಿದ, ಸವೆದ ಮಂಡಿಯವರಿಗೆ ಆಸ್ಟ್ರೇಲಿಯಾದ ಕಿಮ್ ಬೆನೆಲ್ ಮತ್ತು ಸಂಗಡಿಗರು 12 ವಾರ ಸೊಂಟದ ವ್ಯಾಯಾಮ ಮಾಡಿಸಿ 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ನೋವು ಕಡಿಮೆಯಾಯಿತು, ಓಡಾಟ ಸುಲಭವಾಯಿತು; ಮಂಡಿಯ ಒಳಬದಿಗೆ ಬೀಳುವ ಭಾರದ ಅಳತೆ ಮಾತ್ರ ಬದಲಾಗಲಿಲ್ಲ. ಆದ್ದರಿಂದ ವ್ಯಾಯಾಮದಿಂದ ಕಾಲು ನೇರವಾಗುತ್ತದೆ ಎಂಬ ಆಸೆಯನ್ನು ನಾನು ಹುಟ್ಟಿಸುವುದಿಲ್ಲ, ಆದರೆ ಖಂಡಿತ ಮಾಡಿಸಿ. ಗೋಡೆ ಹಿಡಿದು ಕಾಲನ್ನು ಪಕ್ಕಕ್ಕೆ ಎತ್ತುವುದು, ಕೈಯೂರದೆ ಕುರ್ಚಿಯಿಂದ ನಿಧಾನವಾಗಿ ಏಳುವುದು, ಕೂರುವುದು, ಇಷ್ಟರಿಂದ ಶುರುವಾಗಲಿ. ಕೋಲು ಹಿಡಿಯುವುದಾದರೆ ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಬೇಕು. ಬಹಳ ಜನ ನೋವಿನ ಕಡೆಗೇ ಹಿಡಿಯುತ್ತಾರೆ. ಎದುರು ಕೈಯ ಕೋಲು ಸೊಂಟದಿಂದ ದೂರದಲ್ಲಿ ಊರುವುದರಿಂದ ಸ್ವಲ್ಪವೇ ಒತ್ತಿದರೂ ಸೊಂಟದ ಸ್ನಾಯುವಿನ ದೊಡ್ಡ ಹೊರೆ ಇಳಿಯುತ್ತದೆ, ಮಂಡಿಗೂ ಹಗುರ. ಚೀಲದ ಭಾರವನ್ನು ಎರಡು ಸಲಕ್ಕೆ ಹಂಚಿಕೊಳ್ಳಲು ತೋಟದ ಲೆಕ್ಕ ನೋಡುವ ರೈಟರ್ ಬಳಿ ಮಾತಾಡಲು ಸಾಧ್ಯವೇ ನೋಡಿ; ಯಾವ ವ್ಯಾಯಾಮಕ್ಕಿಂತಲೂ ಅದು ಬೇಗ ಫಲ ಕೊಡಬಹುದು.

ಇಳಿಯುವಾಗಲೇ ನೋವೇಕೆ ಹೆಚ್ಚು ಎಂದು ಬಹಳ ಜನ ಕೇಳುತ್ತಾರೆ. ಇಳಿಯುವಾಗ ಹಿಂದಿನ ಕಾಲು ಮಡಚುತ್ತಾ ಮಡಚುತ್ತಾ ಇಡೀ ಮೈಭಾರವನ್ನು ತಡೆದು ಕೆಳಗಿಳಿಸಬೇಕು; ಮಂಡಿ ಹೆಚ್ಚು ಮಡಚಿದಷ್ಟೂ ಚಿಪ್ಪಿನ ಹಿಂದಿನ ಒತ್ತಡ ಏರುತ್ತದೆ. ನಾನು ಶ್ರವಣಬೆಳಗೊಳಕ್ಕೆ ಹೋದಾಗಲೆಲ್ಲ ವಿಂಧ್ಯಗಿರಿಯ ಬುಡದಲ್ಲಿ ಸ್ವಲ್ಪ ಹೊತ್ತು ನಿಂತು ಇಳಿದು ಬರುವವರ ಕಾಲುಗಳನ್ನು ನೋಡುತ್ತೇನೆ. ಆರುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿದ ಆಯಾಸ ಇಳಿಯುವ ಮಂಡಿಯಲ್ಲಿ ಕಾಣುತ್ತದೆ. ಒಬ್ಬೊಬ್ಬರ ಸೊಂಟ ಪ್ರತಿ ಮೆಟ್ಟಿಲಿಗೂ ಕುಸಿಯುತ್ತಿರುತ್ತದೆ, ಹಿರಿಯರು ಅಡ್ಡಡ್ಡಲಾಗಿ ತಿರುಗಿ ಇಳಿಯುತ್ತಾರೆ.

ಆರೋಗ್ಯ ಕಾರ್ಯಕರ್ತೆ, ಕೊಪ್ಪ

ಇದನ್ನು ಓದುವ ತಾಯಂದಿರಿಗಾಗಿ ಒಂದು ಮಾತು. ಸಣ್ಣ ಮಕ್ಕಳ ಮಂಡಿ ಒಳಕ್ಕೆ ತಾಗುವುದನ್ನೆಲ್ಲ ಸ್ನಾಯುವಿನ ತೊಂದರೆಯೆಂದು ತಿಳಿಯಬಾರದು. ಹುಟ್ಟುವಾಗ ಕಾಲು ಹೊರಕ್ಕೆ ಬಾಗಿರುತ್ತದೆ, ಎರಡು ವರ್ಷದ ಹೊತ್ತಿಗೆ ನೇರವಾಗುತ್ತದೆ, 3-4ನೇ ವಯಸ್ಸಿನಲ್ಲಿ ಮಂಡಿಗಳು ಒಳಕ್ಕೆ ತಾಗುವುದು ಸಹಜ, 7ರ ಹೊತ್ತಿಗೆ ದೊಡ್ಡವರ ಗೆರೆಗೆ ಬರುತ್ತದೆ. ಆದರೆ ಒಂದೇ ಕಾಲು ವಾಲಿದ್ದರೆ, ವಯಸ್ಸಿನೊಂದಿಗೆ ಹೆಚ್ಚುತ್ತಿದ್ದರೆ, ಮಗು ಕುಂಟುತ್ತಿದ್ದರೆ ವೈದ್ಯರಿಗೆ ತೋರಿಸಲೇಬೇಕು. ಡಿ ವಿಟಮಿನ್ ಕೊರತೆಯ ರಿಕೆಟ್ಸ್‌ನಲ್ಲಿಯೂ ಮೂಳೆ ಬಾಗುತ್ತದೆ. ನಮ್ಮ ಜಿಲ್ಲೆಯವರು ಹಂದಿಗೋಡು ಕಾಯಿಲೆಯನ್ನೂ ನೆನಪಿಡಬೇಕು. 1970ರ ದಶಕದಲ್ಲಿ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ ಮೊದಲು ಗುರುತಿಸಿದ ಈ ಆನುವಂಶಿಕ ಕಾಯಿಲೆ ಶಿವಮೊಗ್ಗ ಮತ್ತು ಚಿಕ್ಕಮಗಳೂರು ಜಿಲ್ಲೆಗಳಲ್ಲಿದೆ. ಸೊಂಟ, ಮಂಡಿಗಳ ಕೀಲನ್ನೇ ಅದು ಕೆಡಿಸುತ್ತದೆ. ಮನೆತನದಲ್ಲಿ ಅಂಥವರಿದ್ದು ಮಗುವಿಗೆ ಸೊಂಟನೋವು ಶುರುವಾದರೆ ರಬ್ಬರ್ ಬ್ಯಾಂಡ್ ಹುಡುಕುತ್ತಾ ಕಾಲ ಕಳೆಯಬೇಡಿ.

ಖೋಖೋ ಟೀಚರ್, ಮೂಡಿಗೆರೆ

ವಿಡಿಯೋ ತೆಗೆದೆ. ಮೇಡಂ ಹೇಳಿದ್ದರಲ್ಲಿ ಮೂರು ಕಂಡವು. ಎಡಗಾಲು ಇಳಿಸುವಾಗ ಸೊಂಟ ಎಡಕ್ಕೆ ಕುಸಿಯುತ್ತದೆ, ಬಲ ಮಂಡಿ ಹೆಬ್ಬೆರಳ ಒಳಗೆ ಬರುತ್ತದೆ, ಬಲ ಅಂಗಾಲಿನ ಕಮಾನು ಚಪ್ಪಟೆಯಾಗುತ್ತದೆ. ಎದೆ ನೆಟ್ಟಗಿದೆ. ಕುತೂಹಲಕ್ಕೆ ತಂಡದ ಹನ್ನೆರಡೂ ಮಕ್ಕಳಿಗೆ ಮಾಡಿಸಿದೆ. ಐವರಲ್ಲಿ ಮಂಡಿ ಒಳಕ್ಕೆ ಬಂತು, ಆದರೆ ನೋವಿರುವುದು ಇವಳೊಬ್ಬಳಿಗೆ. ಉಳಿದ ನಾಲ್ವರಿಗೆ ಮುಂದೆ ತೊಂದರೆಯಾಗುತ್ತದೆಯೇ ಎಂಬ ಯೋಚನೆ ಈಗ ಹತ್ತಿಕೊಂಡಿದೆ.

ಹಾಸನದ ಫಿಸಿಯೋ

ಮೊದಲು ಆ ನಾಲ್ವರ ವಿಷಯ. ತಿಮೊಥಿ ಹ್ಯೂವೆಟ್ ಮತ್ತು ಸಂಗಡಿಗರು 205 ಹುಡುಗಿಯರನ್ನು ಗಮನಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಂದೆ ಮಂಡಿಯ ಎ.ಸಿ.ಎಲ್. ಅಸ್ಥಿರಜ್ಜು ಹರಿದುಕೊಂಡವರು 9 ಮಂದಿ. ಹಾರಿ ಇಳಿಯುವಾಗ ಅವರ ಮಂಡಿ ಉಳಿದವರಿಗಿಂತ ಸರಾಸರಿ 8 ಡಿಗ್ರಿ ಹೆಚ್ಚು ಒಳವಾಲಿತ್ತು. ಆದರೆ ನಾರ್ವೆಯಲ್ಲಿ 700ಕ್ಕೂ ಹೆಚ್ಚು ಹ್ಯಾಂಡ್‌ಬಾಲ್ ಮತ್ತು ಫುಟ್‌ಬಾಲ್ ಆಟಗಾರ್ತಿಯರನ್ನು ನೋಡಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಂಥ ಪರೀಕ್ಷೆಯಿಂದ ಯಾರಿಗೆ ಗಾಯವಾಗುತ್ತದೆಂದು ಮೊದಲೇ ಹೇಳಲಾಗದು ಎಂದು ಕಂಡುಬಂತು. ಆದ್ದರಿಂದ ನಾಲ್ವರನ್ನು ಬೇರ್ಪಡಿಸಿ ಹೆದರಿಸಬೇಡಿ. ಹನ್ನೆರಡೂ ಮಕ್ಕಳಿಗೆ ಮೈ ಕಾಯಿಸುವ ಹೊತ್ತಿನಲ್ಲಿಯೇ ಇದನ್ನು ಸೇರಿಸಿ. ಫುಟ್‌ಬಾಲಿನವರ 'ಫಿಫಾ 11+' ಎಂಬ 20 ನಿಮಿಷದ ಕ್ರಮವನ್ನು ನಾರ್ವೆಯ 13 ರಿಂದ 17 ವಯಸ್ಸಿನ 1,892 ಹುಡುಗಿಯರಲ್ಲಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದಾಗ, ಅದನ್ನು ಮಾಡಿದ ತಂಡಗಳಲ್ಲಿ ತೀವ್ರ ಗಾಯಗಳು ಸುಮಾರು ಅರ್ಧಕ್ಕೆ ಇಳಿದಿದ್ದವು. ನಿಮ್ಮ ಮಕ್ಕಳ ವಯಸ್ಸೂ ಅದೇ.

ಈಗ ನೋವಿನ ಹುಡುಗಿ. ಕಮಾನು ಕುಸಿಯುತ್ತದೆ ಎಂದಿರಿ, ಹಾಗಾಗಿ ಸೊಂಟವನ್ನಷ್ಟೇ ದೂರುವ ಮುನ್ನ ಪಾದದ ಗಿಣ್ಣನ್ನು ಪರೀಕ್ಷಿಸಿ. ಗೋಡೆಯಿಂದ 10 ಸೆಂ.ಮೀ. ದೂರದಲ್ಲಿ ಹೆಬ್ಬೆರಳಿಟ್ಟು, ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಲು ಹೇಳಿ. ತಾಗದಿದ್ದರೆ ಗಿಣ್ಣು ಬಿಗಿಯಾಗಿದೆ. ಬಿಗಿಯಾದ ಗಿಣ್ಣು ಮುಂದಕ್ಕೆ ಬಾಗಲಾರದೆ ಪಾದವನ್ನು ಒಳಕ್ಕೆ ಮಗುಚುತ್ತದೆ, ಅದರ ಹಿಂದೆಯೇ ಮಂಡಿಯೂ ಹೋಗುತ್ತದೆ. ಹಿಮ್ಮಡಿಯ ಕೆಳಗೆ ಎರಡು ಮೂರು ಸೆಂ.ಮೀ. ದಪ್ಪದ ಹಲಗೆಯಿಟ್ಟು ಬಸ್ಕಿ ಮಾಡಿಸಿದಾಗ ಮಂಡಿ ನೇರವಾದರೆ ತೊಂದರೆಯ ಬೇರು ಗಿಣ್ಣಿನಲ್ಲಿ ಇರುವ ಸಾಧ್ಯತೆ ಹೆಚ್ಚು. ಮೀನಖಂಡವನ್ನು ಎಳೆದು ಸಡಿಲಿಸುವ ವ್ಯಾಯಾಮವೂ ಬೇಕಾಗುತ್ತದೆ.

ಬಲಕ್ಕೆ ವಾರದಲ್ಲಿ ಮೂರು ದಿನ ಸಾಕು. ಎಡಮಗ್ಗುಲಿಗೆ ಮಲಗಿ ಬಲಗಾಲನ್ನು ಎತ್ತುವುದು ಬಹಳ ಸರಳವಾಗಿ ಕಾಣುತ್ತದೆ, ಆದರೆ 2009ರಲ್ಲಿ ಲಿಂಡ್ಸೆ ಡಿಸ್ಟೆಫಾನೊ ಮತ್ತು ಸಂಗಡಿಗರು 12 ವ್ಯಾಯಾಮಗಳನ್ನು ಹೋಲಿಸಿದಾಗ ಗ್ಲೂಟಿಯಸ್ ಮೀಡಿಯಸ್ ಅನ್ನು ಎಲ್ಲಕ್ಕಿಂತ ಹೆಚ್ಚು ದುಡಿಸಿದ್ದು ಇದೇ. ತಪ್ಪಾಗುವುದು ಒಂದೇ ಕಡೆ: ಕಾಲು ಮುಂದಕ್ಕೆ ಬಂದು ಬೆರಳು ಮೇಲ್ಮುಖವಾದರೆ ತೊಡೆಯ ಮುಂಭಾಗ ಕೆಲಸ ಕದಿಯುತ್ತದೆ. ಗೋಡೆಗೆ ಬೆನ್ನು ತಾಗಿಸಿ ಮಲಗಿಸಿ, ಹಿಮ್ಮಡಿ ಗೋಡೆಯನ್ನು ಸವರುತ್ತಲೇ ಮೇಲೇರಲಿ. ಅದರ ಜೊತೆಗೆ ಒಂಟಿಕಾಲಿನ ಸೇತುಬಂಧ (ಬೆನ್ನ ಮೇಲೆ ಮಲಗಿ, ಒಂದೇ ಪಾದ ಊರಿ ಸೊಂಟ ಎತ್ತುವುದು) ಮತ್ತು ಮಂಡಿಗಳ ಮೇಲ್ಭಾಗಕ್ಕೆ ಸೈಕಲ್ ಟ್ಯೂಬಿನ ತುಂಡು ಕಟ್ಟಿ ಅಡ್ಡ ನಡಿಗೆ. ಪ್ರತಿಯೊಂದನ್ನೂ ಮೂರು ಸುತ್ತು, ಸುತ್ತಿಗೆ 8 ರಿಂದ 12 ಸಲ. ಕೊನೆಯ ಎರಡು ಸಲ ಕಷ್ಟವೆನಿಸಬೇಕು, ಸುಲಭವಾದಾಗ ಭಾರ ಹೆಚ್ಚಿಸಬೇಕು. ಎಂಟು ವಾರಕ್ಕೆ ಮುಂಚೆ ಫಲ ಕಾಣಲಿಲ್ಲವೆಂದು ಬಿಡಬೇಡಿ. ನೋವು ಹತ್ತಕ್ಕೆ ಮೂರರೊಳಗಿದ್ದು ಮರುದಿನ ಬೆಳಿಗ್ಗೆಗೆ ಇಳಿದಿದ್ದರೆ ಮುಂದುವರಿಸಬಹುದು.

ಗೆರೆಯ ಅಭ್ಯಾಸ ಬೇರೆ. ಮೊದಲ ವಾರ ಕನ್ನಡಿಯೆದುರು ಬಸ್ಕಿ, ಆಮೇಲೆ ಒಂಟಿಕಾಲಿನ ಅರ್ಧ ಬಸ್ಕಿ. ಅದರ ನಂತರ ಕುಂಟೆಬಿಲ್ಲೆ. ನಮ್ಮ ಹುಡುಗಿಯರು ಹಿಂದೆ ಅಂಗಳದಲ್ಲಿ ಗಂಟೆಗಟ್ಟಲೆ ಆಡುತ್ತಿದ್ದ ಆ ಆಟದಲ್ಲಿ ಒಂಟಿಕಾಲಿನಲ್ಲಿ ಹಾರುವುದು, ಗೆರೆ ತುಳಿಯದೆ ಇಳಿಯುವುದು, ಇಳಿದಲ್ಲೇ ಬಗ್ಗಿ ಬಿಲ್ಲೆ ಎತ್ತುವುದು ಎಲ್ಲವೂ ಇದೆ. ಇದಕ್ಕಿಂತ ಒಳ್ಳೆಯ ಅಭ್ಯಾಸವನ್ನು ನಾನು ರೂಪಿಸಲಾರೆ. ಸದ್ದಿಲ್ಲದೆ ಇಳಿದು ಎರಡು ಸೆಕೆಂಡು ಅಲುಗದೆ ನಿಲ್ಲಬೇಕು ಎಂಬ ನಿಯಮವನ್ನಷ್ಟೇ ಸೇರಿಸಿ. ಕೊನೆಗೆ ಕಂಬ. "ಮಂಡಿ ಹೊರಗಿಡು" ಎಂದು ಕೂಗುವ ಬದಲು "ಮಂಡಿಚಿಪ್ಪು ನೀನು ಓಡಬೇಕಾದ ಕಡೆಗೇ ನೋಡಲಿ" ಎಂದು ಹೇಳಿ. ತನ್ನ ಕಾಲಿನ ಮೇಲಲ್ಲ, ಹೊರಗಿನ ಗುರಿಯ ಮೇಲೆ ಗಮನವಿಟ್ಟಾಗ ದೇಹ ಬೇಗ ಕಲಿಯುತ್ತದೆ. ಪ್ರತಿ ಸಲವೂ ತಿದ್ದಬೇಡಿ. ಮೊದಲು ಹೆಚ್ಚು, ಬರಬರುತ್ತಾ ಕಡಿಮೆ.

ಹೇಮಾವತಿ ದಂಡೆಯ ಓಟಗಾರ, ಹಾಸನ

ಟ್ರೆಡ್‌ಮಿಲ್, ಕನ್ನಡಿ ಎರಡೂ ನನ್ನ ಬಳಿ ಇಲ್ಲ. ಬೆಳಗಿನ ಬಿಸಿಲಿನಲ್ಲಿ ನನ್ನ ನೆರಳು ಮುಂದೆ ಬೀಳುವ ದಿಕ್ಕಿಗೆ ಓಡುತ್ತಾ, ಎರಡು ಮಂಡಿಗಳ ನಡುವೆ ಬೆಳಕಿನ ಸಂದು ಉಳಿಯುವಂತೆ ನೋಡಿಕೊಳ್ಳುತ್ತಿದ್ದೇನೆ. ಸಾಲುತ್ತದೆಯೇ ಮೇಡಂ?

ಹಾಸನದ ಫಿಸಿಯೋ

ಒಳ್ಳೆಯ ಉಪಾಯ. ಒಂದೊಂದು ನಿಮಿಷ ನೋಡಿ, ಮುಂದಿನ ಎರಡು ನಿಮಿಷ ನೋಡದೆ ಅದೇ ಭಾವದಲ್ಲಿ ಓಡಿ. ಹೆಜ್ಜೆಯನ್ನು ಸ್ವಲ್ಪ ಚಿಕ್ಕದು ಮಾಡಿ ನಿಮಿಷದ ಹೆಜ್ಜೆಗಳನ್ನು 5 ರಿಂದ 10% ಹೆಚ್ಚಿಸಿದರೂ ಮಂಡಿಯ ಹೊರೆ ತಗ್ಗುತ್ತದೆ.

ಖೋಖೋ ಟೀಚರ್, ಮೂಡಿಗೆರೆ

ಹತ್ತು ವಾರಗಳ ನಂತರ ಬರೆಯುತ್ತಿದ್ದೇನೆ. ಗಿಣ್ಣು ನಿಜವಾಗಿಯೂ ಬಿಗಿಯಾಗಿತ್ತು, ಗೋಡೆಯಿಂದ 6 ಸೆಂ.ಮೀ. ದೂರದಲ್ಲಿ ಮಾತ್ರ ಮಂಡಿ ತಾಗುತ್ತಿತ್ತು. ಈಗ 9ಕ್ಕೆ ಬಂದಿದೆ. ಹಿಮ್ಮಡಿಯ ಕೆಳಗೆ ಹಲಗೆಯಿಟ್ಟಾಗ ಮಂಡಿ ಅರ್ಧ ನೇರವಾಯಿತು, ಪೂರ್ತಿ ಆಗಲಿಲ್ಲ. ಅಲ್ಲಿಗೆ ಎರಡೂ ತುದಿಗಳಲ್ಲಿ ಕೆಲಸವಿದೆ ಎಂದು ತಿಳಿದು ಎರಡನ್ನೂ ಮಾಡಿಸಿದೆ. ಮೇಷ್ಟ್ರು ಹೇಳಿದಂತೆ ದುರ್ಬಲ ಎಂಬ ಪದವನ್ನು ನಾನು ಬಳಸಲೇ ಇಲ್ಲ.

ನಾಲ್ಕನೆಯ ವಾರದವರೆಗೆ ನನಗೆ ಏನೂ ಬದಲಾವಣೆ ಕಾಣಲಿಲ್ಲ. ಆರನೆಯ ವಾರ ತರಗತಿಯಲ್ಲಿ ಕುಳಿತಾಗಿನ ನೋವು ಹೋಯಿತು ಎಂದಳು. ಮೆಟ್ಟಿಲಿಳಿಯುವ ವಿಡಿಯೋದಲ್ಲಿ ಸೊಂಟ ಈಗ ಮಟ್ಟವಾಗಿದೆ, ಮಂಡಿ ಹೆಬ್ಬೆರಳಿನ ನೇರಕ್ಕೆ ಬಂದಿದೆ, ಎರಡನೆಯ ಬೆರಳಿಗೆ ಇನ್ನೂ ಬಂದಿಲ್ಲ. ದೀಪಾವಳಿಗೆ ಮನೆಯವರೊಡನೆ ಬರಿಗಾಲಿನಲ್ಲಿ ದೇವೀರಮ್ಮನ ಬೆಟ್ಟ ಹತ್ತಿ ಇಳಿದಿದ್ದಾಳೆ. ಮಳೆಯಿಂದ ದಾರಿ ಜಾರುತ್ತಿತ್ತಂತೆ, ಇಳಿಯುವಾಗ ಅರ್ಧ ದಾರಿಯ ಮೇಲೆ ಸ್ವಲ್ಪ ನೋವು ಬಂದು ಮರುದಿನ ಇರಲಿಲ್ಲವಂತೆ.

ಉಳಿದಿರುವ ಒಂದೇ ತೊಡಕು ಇದು. ಆಟದ ಮೊದಲ ನಿಮಿಷಗಳಲ್ಲಿ ಕಂಬದ ಬಳಿ ಮಂಡಿ ನೇರವಾಗಿಯೇ ತಿರುಗುತ್ತದೆ. ಸರದಿಯ ಕೊನೆಯಲ್ಲಿ, ಉಸಿರು ಕಟ್ಟುವ ಹೊತ್ತಿಗೆ, ಮತ್ತೆ ಒಳಕ್ಕೆ ಬರುತ್ತದೆ.

ಹಾಸನದ ಫಿಸಿಯೋ

ದಣಿದ ಸ್ನಾಯು ತಡವಾಗಿ ಬಿಗಿಗೊಳ್ಳುತ್ತದೆ, ಹಾಗಾಗಿ ಹೊಸದಾಗಿ ಕಲಿತದ್ದು ಮೊದಲು ಕೈಬಿಡುವುದು ಅಲ್ಲಿಯೇ. ಇಲ್ಲಿಯವರೆಗೆ ಕಂಬದ ಅಭ್ಯಾಸವನ್ನು ಮೈ ಕಾದ ಕೂಡಲೇ ಮಾಡಿಸುತ್ತಿದ್ದಿರಿ ಎಂದುಕೊಳ್ಳುತ್ತೇನೆ. ಅದು ಹಾಗೆಯೇ ಇರಲಿ. ವಾರದಲ್ಲಿ ಎರಡು ದಿನ ಅಭ್ಯಾಸದ ಕೊನೆಗೂ ಕಂಬದ ಬಳಿ ಆರೇ ಆರು ತಿರುವುಗಳನ್ನು ಮಾಡಿಸಿ. ಮಂಡಿ ಒಳಕ್ಕೆ ಬಂದ ತಿರುವಿಗೆ ನಿಲ್ಲಿಸಿ, ಎಷ್ಟನೆಯದು ಎಂದು ಬರೆದಿಡಿ. ಆ ಸಂಖ್ಯೆಯನ್ನು ಮುಂದಿನ ತಿಂಗಳು ಇಲ್ಲಿ ತಿಳಿಸಿ.

ಖೋಖೋ ಟೀಚರ್, ಮೂಡಿಗೆರೆ

ಇಂದು ಸಂಜೆಯೇ ಮಾಡಿಸಿದೆ ಮೇಡಂ. ಮೂರನೆಯದು.